ಪಾನವ್ಯಸನದಿಂದ ಬಿಡುಗಡೆ: ನೆರವಿನ ಕೂಟವನ್ನು ಅರಸುವ ಬಗೆ

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ಸಂಸ್ಥೆ ಬೆಳೆದು ಬಂದ ಬಗೆ, ದಾನಿಗಳ ನಾಮಾವಳಿ, ಹಳೆಯ ವಿದ್ಯಾರ್ಥಿಗಳ ನೆನಪುಗಳು ಇವುಗಳಿಗೆ ಸ್ಥಳ ಸಲ್ಲುವುದು ವಾಡಿಕೆ. ಪಾನವ್ಯಸನದಂತಹ ವಿಷಯವನ್ನು ಇಲ್ಲಿ ಎತ್ತುವುದು ಅಷ್ಟು ಉಚಿತವಲ್ಲವೆಂದು ಕೆಲವರಿಗೆ ತೋರಬಹುದು. ಸಂಪಾದಕ ಮಂಡಳಿಯವರು ಲೇಖನವೊಂದನ್ನು ಅಪೇಕ್ಷಿಸಿದಾಗ ನಾನೂ ಮೊದಲು ಹೊಯ್ಸಳ ಶಿಲ್ಪವನ್ನು ಕುರಿತು ಬರೆಯೋಣವೆಂದೇ ಎಣಿಸಿದ್ದೆ. ಆದರೆ ಬೇಲೂರು ಹಳೇಬೀಡುಗಳ ದೇಗುಲಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ವಿಷಯವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆ. ಈ ವಿಷಯವನ್ನು ಬರೆಯುವವರು ಕಡಿಮೆ. ಇದು ಬೇಕಾಗಿರುವ ಮನೆಗಳಾದರೋ ಬಹಳ.

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ, 1980ರ ದಶಕದಲ್ಲಿ, ನನ್ನೊಡನೆ ಗಣಿತ ಬೋಧಿಸುತ್ತಿದ್ದ ಒಬ್ಬ ಸಹೋದ್ಯೋಗಿ ಇದ್ದರು. ಬೀಜಗಣಿತವನ್ನು ಕಥೆಯಂತೆ ಹೇಳಬಲ್ಲವರು. ಕುಡಿತ ಅವರನ್ನು ಹಿಡಿದದ್ದು ನಮಗೆಲ್ಲರಿಗೂ ತಿಳಿದಿತ್ತು. ನಾವು ಮಾಡಿದ್ದೇನು? ವೇಳಾಪಟ್ಟಿಯಲ್ಲಿ ಅವರಿಗೆ ಮೊದಲನೆಯ ಪಾಠ ಬಾರದಂತೆ ನೋಡಿಕೊಂಡೆವು. ಅವರು ಬಾರದ ದಿನ ಅವರ ತರಗತಿಯನ್ನು ನಾವೇ ಹಂಚಿಕೊಂಡೆವು. ಇದನ್ನು ಸ್ನೇಹವೆಂದು ತಿಳಿದಿದ್ದೆವು. ಒಂದು ಸಂಜೆ ಅವರ ಪತ್ನಿ ನಮ್ಮ ಮನೆಯ ಜಗಲಿಯವರೆಗೆ ಬಂದು, ಒಳಗೆ ಬಾರದೆ, ನಿಂತೇ ಕೇಳಿದರು: “ಇವರನ್ನ ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಅಂತ ಹೇಳಿ ಸಾಕು, ಮೇಷ್ಟ್ರೇ. ಬಾಕಿದ್ದು ನಾನು ನೋಡ್ಕೋತೀನಿ.” ನನ್ನಲ್ಲಿ ಉತ್ತರವಿರಲಿಲ್ಲ. “ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೇಳಿ, ತಾಯಿ” ಎಂದೆ. ಆ ವರ್ಷದ ಶಿವರಾತ್ರಿಯಂದು ಅವರು ದೇವರ ಮುಂದೆ ಆಣೆಯಿಟ್ಟು ಕುಡಿತವನ್ನು ಒಮ್ಮೆಲೇ ನಿಲ್ಲಿಸಿದರು. ಮೂರನೆಯ ರಾತ್ರಿ ಮೈ ನಡುಗಿ, ಗೋಡೆಯ ಮೇಲೆ ಹಾವುಗಳು ಹರಿಯುತ್ತಿವೆಯೆಂದು ಕೂಗತೊಡಗಿದರು. ಗಾಳಿ ಸೋಕಿದೆಯೆಂದು ಬಗೆದು ಮನೆಯವರು ಯಂತ್ರ ಕಟ್ಟಿಸಲು ಕರೆದೊಯ್ದರು. ನಾಲ್ಕನೆಯ ದಿನ ಅವರು ತೀರಿಕೊಂಡರು.

ಆ ತಾಯಿ ಕೇಳಿದ ಪ್ರಶ್ನೆಗೆ ನಾಲ್ಕು ದಶಕಗಳ ತರುವಾಯ ಉತ್ತರ ಕೊಡುವುದೇ ಪ್ರಸ್ತುತ ಲೇಖನದ ಉದ್ದೇಶ. ಈಗ ಉತ್ತರವಿದೆ.

ವ್ಯಸನವೆಂದರೇನು?

ಕುಡಿಯುವವರೆಲ್ಲರೂ ವ್ಯಸನಿಗಳಲ್ಲ, ಆದರೆ ಎಷ್ಟು ಕುಡಿದರೆ ಅಪಾಯವಿಲ್ಲವೆಂದು ಹೇಳಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟಪಡಿಸಿದೆ. ವ್ಯಸನವೆಂಬುದು ಇದಕ್ಕಿಂತ ಮುಂದಿನ ಸ್ಥಿತಿ. ಕುಡಿಯಬೇಕೆಂಬ ತಡೆಯಲಾಗದ ತುಡಿತ, ಆರಂಭಿಸಿದರೆ ನಿಲ್ಲಿಸಲಾಗದಿರುವುದು, ದಿನಕಳೆದಂತೆ ಹೆಚ್ಚು ಹೆಚ್ಚು ಬೇಕಾಗುವುದು, ಕುಡಿಯದಿದ್ದರೆ ಕೈ ನಡುಕ, ಬೆವರು, ನಿದ್ರಾಹೀನತೆ, ಹಾನಿಯಾಗುತ್ತಿರುವುದು ತನಗೇ ತಿಳಿದಿದ್ದರೂ ಬಿಡಲಾಗದಿರುವುದು: ಇವು ಅದರ ಲಕ್ಷಣಗಳು. ಇದು ಕೇವಲ ಶೀಲದ ದೋಷವಲ್ಲ, ಚಿಕಿತ್ಸೆ ಬೇಕಾದ ಕಾಯಿಲೆ ಎಂಬುದನ್ನು ಅಮೆರಿಕದ ವೈದ್ಯಕೀಯ ಸಂಘ 1956ರಲ್ಲಿಯೇ ಒಪ್ಪಿತು. ಇಂದು ಲೋಕದ ವೈದ್ಯಶಾಸ್ತ್ರವೆಲ್ಲ ಒಪ್ಪಿದೆ.

ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಸರಳವಾದ ನಾಲ್ಕು ಪ್ರಶ್ನೆಗಳಿವೆ. ಅಮೆರಿಕದ ವೈದ್ಯ ಜಾನ್ ಯೂಯಿಂಗ್ ಅವರು 1984ರಲ್ಲಿ ಪ್ರಕಟಿಸಿದ ಇವನ್ನು ನಮ್ಮ ವೈದ್ಯರೂ ಬಳಸುತ್ತಾರೆ. ಕುಡಿತವನ್ನು ಕಡಿಮೆ ಮಾಡಬೇಕೆಂದು ಎಂದಾದರೂ ಅನಿಸಿದೆಯೇ? ನಿಮ್ಮ ಕುಡಿತವನ್ನು ಇತರರು ಆಕ್ಷೇಪಿಸಿದಾಗ ಸಿಟ್ಟು ಬಂದಿದೆಯೇ? ಕುಡಿದುದಕ್ಕಾಗಿ ತಪ್ಪಿತಸ್ಥ ಭಾವ ಕಾಡಿದೆಯೇ? ಬೆಳಗ್ಗೆ ಎದ್ದೊಡನೆ ಮೈ ಹಿಡಿತಕ್ಕೆ ಬರಲೆಂದು ಕುಡಿದದ್ದುಂಟೇ? ಎರಡು ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರ ಬಂದರೆ ವೈದ್ಯರನ್ನು ಕಾಣುವುದು ಲೇಸು.

ಇದು ಎಲ್ಲೋ ಕೆಲವರ ಸಮಸ್ಯೆಯೆಂದು ಭಾವಿಸಬಾರದು. ಕೇಂದ್ರ ಸರಕಾರದ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಸುಮಾರು 5.7 ಕೋಟಿ ಜನರಿಗೆ ಮದ್ಯದ ಸಮಸ್ಯೆಗಾಗಿ ನೆರವು ಬೇಕಾಗಿದೆ. ವ್ಯಸನಕ್ಕೆ ಒಳಗಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರಕಿದೆ. ಉಳಿದ 37 ಮನೆಗಳವರು ನನ್ನ ಸಹೋದ್ಯೋಗಿಯ ಪತ್ನಿಯಂತೆ ಯಾರದೋ ಜಗಲಿಯ ಮುಂದೆ ನಿಂತಿದ್ದಾರೆಂದು ತಿಳಿಯಬೇಕು.

ಮೊದಲ ಹೆಜ್ಜೆ ವೈದ್ಯರ ಬಳಿಗೆ

ನೆರವಿನ ಕೂಟದ ವಿಷಯಕ್ಕೆ ಬರುವ ಮುನ್ನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಹುಕಾಲ ಪ್ರತಿನಿತ್ಯ ಹೆಚ್ಚಾಗಿ ಕುಡಿದವರು ಹಠಾತ್ತನೆ ನಿಲ್ಲಿಸುವುದು ಪ್ರಾಣಾಪಾಯಕರ. ಮದ್ಯವು ಮೆದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ಆ ತಗ್ಗಿಸುವಿಕೆಗೆ ಎದುರಾಗಿ ಮೆದುಳು ತನ್ನ ವೇಗವನ್ನು ಏರಿಸಿಕೊಂಡೇ ಇರುತ್ತದೆ. ಮದ್ಯ ಒಮ್ಮೆಲೇ ನಿಂತಾಗ, ಇಳಿಜಾರಿನಲ್ಲಿ ಹೊರೆ ಜಾರಿದ ಗಾಡಿಯಂತೆ, ಆ ವೇಗಕ್ಕೆ ತಡೆಯಿಲ್ಲದಾಗುತ್ತದೆ. ಕೆಲವು ಗಂಟೆಗಳಲ್ಲಿ ನಡುಕ ಮತ್ತು ಬೆವರು ತೋರುತ್ತವೆ. ಮೊದಲ ಎರಡು ದಿನಗಳಲ್ಲಿ ಅಪಸ್ಮಾರದಂತಹ ಸೆಳವು ಬರಬಹುದು. ಎರಡರಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಸನ್ನಿ ಹಿಡಿದು, ಇಲ್ಲದ ಹಾವು ಹುಳುಗಳು ಕಾಣಿಸಿ, ಜ್ವರವೇರಿ ಸಾವೂ ಸಂಭವಿಸಬಹುದು. ನನ್ನ ಸಹೋದ್ಯೋಗಿಯನ್ನು ಕೊಂದದ್ದು ಇದೇ. ಗಾಳಿಯೂ ಅಲ್ಲ, ಆಣೆ ತಪ್ಪಿದ ಶಾಪವೂ ಅಲ್ಲ; ಅವರು ಆಣೆಯನ್ನು ತಪ್ಪಿರಲಿಲ್ಲ.

ಆಸ್ಪತ್ರೆಯಲ್ಲಿ ಇದಕ್ಕೆ ಖಚಿತವಾದ ಚಿಕಿತ್ಸೆಯಿದೆ. ಮೆದುಳನ್ನು ಶಾಂತಗೊಳಿಸುವ ಔಷಧವನ್ನು ಕೆಲವು ದಿನ ಕೊಟ್ಟು ಕ್ರಮೇಣ ಇಳಿಸುತ್ತಾರೆ. ಥಯಮಿನ್ ಎಂಬ ಬಿ-1 ಜೀವಸತ್ವವನ್ನು ಚುಚ್ಚುಮದ್ದಿನ ಮೂಲಕ ಕೊಡುತ್ತಾರೆ. ಬಹುಪಾಲು ರೋಗಿಗಳು ಒಂದು ವಾರದೊಳಗೆ ಈ ಘಟ್ಟವನ್ನು ದಾಟುತ್ತಾರೆ. ಆದುದರಿಂದ ಆಣೆಯಿಡಿಸುವ ಮುನ್ನ ವೈದ್ಯರಿಗೆ ತೋರಿಸುವುದು ಕರ್ತವ್ಯ.

ಇನ್ನೊಂದು ಮಾತು. ಕುಡಿತ ಬಿಡಿಸುವ ಮಾತ್ರೆಯೆಂದು ಡೈಸಲ್ಫಿರಮ್ ಮಾತ್ರೆಯನ್ನು ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡುವ ರೂಢಿ ಹಲವೆಡೆ ಇದೆ. ಆ ಮಾತ್ರೆ ದೇಹದಲ್ಲಿರುವಾಗ ಮದ್ಯ ಸೇವಿಸಿದರೆ ರಕ್ತದೊತ್ತಡ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ರೋಗಿಯ ಒಪ್ಪಿಗೆಯಿಂದ, ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟರೆ ಅದು ಔಷಧ. ಕದ್ದು ಕೊಟ್ಟರೆ ವಿಷ.

ಬಿಡುವುದು ಬೇರೆ, ಬಿಟ್ಟಿರುವುದು ಬೇರೆ

ನಮ್ಮ ಕಡೆ ಶ್ರಾವಣ ಮಾಸ ಬಂದಿತೆಂದರೆ ಅನೇಕರು ಕುಡಿತವನ್ನು ಮುಟ್ಟುವುದಿಲ್ಲ. ಅಯ್ಯಪ್ಪನ ಮಾಲೆ ಧರಿಸಿದವರು 41 ದಿನಗಳ ವ್ರತವನ್ನು ಕಟ್ಟುನಿಟ್ಟಾಗಿ ನಡೆಸುತ್ತಾರೆ. ಮಾಲೆ ತೆಗೆದ ಮರುದಿನ ಅಂಗಡಿಯ ಮುಂದೆ ಅವರಲ್ಲಿ ಕೆಲವರನ್ನು ಕಾಣುತ್ತೇವೆ, ಕಂಡು ನಗುತ್ತೇವೆ. ಆದರೆ ನಗುವುದಕ್ಕಿಂತ ಯೋಚಿಸುವುದು ಮೇಲು. 41 ದಿನ ಬಿಟ್ಟಿರಲು ಅವರಿಗೆ ಸಾಧ್ಯವಾದುದು ಹೇಗೆ? ವ್ರತದ ಕಾಲದಲ್ಲಿ ಅವರು ಒಂಟಿಯಾಗಿರಲಿಲ್ಲ. ಒಂದೇ ವ್ರತದವರ ಜೊತೆಗೂಡಿ ಸ್ನಾನ, ಭಜನೆ, ಊಟ. ‘ಸ್ವಾಮಿ’ ಎಂದು ಕರೆಯುವ ಗೌರವ. ಸಂಜೆಯ ವೇಳೆಗೆ ಹೋಗಲು ಒಂದು ಸ್ಥಳ. ಮಾಲೆ ತೆಗೆದ ದಿನ ಇವೆಲ್ಲವೂ ಒಟ್ಟಿಗೆ ಮುಗಿದುಹೋಗುತ್ತವೆ. ಸಂಜೆಯಾದರೋ ಎಂದಿನಂತೆ ಬರುತ್ತದೆ.

ವ್ಯಸನದ ಕಷ್ಟವಿರುವುದು ಬಿಡುವುದರಲ್ಲಿ ಅಲ್ಲ, ಬಿಟ್ಟಿರುವುದರಲ್ಲಿ. ಆಸ್ಪತ್ರೆಯ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಅನಂತರದ ಸಾವಿರಾರು ಸಂಜೆಗಳಿಗೆ ಜೊತೆ ಬೇಕು. ಆ ಜೊತೆಯನ್ನು ಒದಗಿಸುವುದೇ ನೆರವಿನ ಕೂಟ.

ಇಬ್ಬರಿಂದ ಮೊದಲಾದ ಕೂಟ

ಈ ಬಗೆಯ ಕೂಟಗಳಲ್ಲಿ ಲೋಕಪ್ರಸಿದ್ಧವಾದುದು ಆಲ್ಕೊಹಾಲಿಕ್ಸ್ ಅನಾನಿಮಸ್, ‘ಎ.ಎ.’ ಎಂಬುದು ಅದರ ರೂಢಿಯ ಹೆಸರು. ಹೆಸರು ಹೇಳಿಕೊಳ್ಳದ ಮದ್ಯವ್ಯಸನಿಗಳ ಬಳಗವೆಂಬುದು ಅದರ ಅರ್ಥ. ಇದರ ಹುಟ್ಟು ಬೋಧಪ್ರದವಾಗಿದೆ. 1935ರ ಮೇ ತಿಂಗಳಲ್ಲಿ ಬಿಲ್ ಎಂಬ ನ್ಯೂಯಾರ್ಕಿನ ಷೇರು ವ್ಯಾಪಾರಿಯೊಬ್ಬರು ಅಮೆರಿಕದ ಅಕ್ರನ್ ಎಂಬ ಊರಿಗೆ ವ್ಯವಹಾರಕ್ಕಾಗಿ ಹೋಗಿದ್ದರು. ಅವರು ಕುಡಿತ ಬಿಟ್ಟು ಕೆಲವು ತಿಂಗಳಾಗಿದ್ದವು. ವ್ಯವಹಾರ ಕೆಟ್ಟಿತು. ಹೋಟೆಲಿನ ಒಂದು ಬದಿಯಲ್ಲಿ ಪಾನಗೃಹ, ಇನ್ನೊಂದು ಬದಿಯಲ್ಲಿ ದೂರವಾಣಿ. ತನ್ನನ್ನು ಉಳಿಸಿಕೊಳ್ಳಬೇಕಾದರೆ ತನ್ನಂತೆಯೇ ಕುಡಿತದಿಂದ ನರಳುವ ಇನ್ನೊಬ್ಬನೊಡನೆ ಮಾತನಾಡಬೇಕೆಂದು ಅವರಿಗೆ ಹೊಳೆಯಿತು. ದೂರವಾಣಿಯ ಮೂಲಕ ವಿಚಾರಿಸುತ್ತ ಕೊನೆಗೆ ಆ ಊರಿನ ಶಸ್ತ್ರವೈದ್ಯ ಡಾಕ್ಟರ್ ಬಾಬ್ ಅವರನ್ನು ಕಂಡರು. ಸ್ವಲ್ಪ ಹೊತ್ತಿಗೆಂದು ಒಪ್ಪಿಕೊಂಡ ಭೇಟಿ ಹಲವು ಗಂಟೆಗಳ ಕಾಲ ನಡೆಯಿತು. ಬಿಲ್ ಉಪದೇಶ ಮಾಡಲಿಲ್ಲ; ತಮ್ಮ ಕಥೆಯನ್ನು ಹೇಳಿದರು, ಅಷ್ಟೆ. ಡಾಕ್ಟರ್ ಬಾಬ್ ಕೊನೆಯ ಬಾರಿ ಕುಡಿದ ದಿನವೆಂದು ಹೇಳಲಾಗುವ 1935ರ ಜೂನ್ 10ನ್ನೇ ಎ.ಎ. ತನ್ನ ಜನ್ಮದಿನವೆಂದು ಎಣಿಸುತ್ತದೆ. ಭಾರತದಲ್ಲಿ ಇದು 1957ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ನಮ್ಮ ರಾಜ್ಯದ ಬೆಂಗಳೂರು, ಮಂಗಳೂರು ಮೊದಲಾದೆಡೆ ಇದರ ಕೂಟಗಳಿವೆ.

ಕೂಟ ನಡೆಯುವ ರೀತಿ ಅತಿ ಸರಳ. ಶಾಲೆಯ ಕೊಠಡಿಯೋ ಪ್ರಾರ್ಥನಾ ಮಂದಿರದ ಪಕ್ಕದ ಹಾಲೋ ಸಾಕು. ವಾರದ ಗೊತ್ತಾದ ದಿನ, ಗೊತ್ತಾದ ವೇಳೆಗೆ ಹತ್ತು ಹದಿನೈದು ಜನ ಸೇರುತ್ತಾರೆ. ಒಬ್ಬರು ತಮ್ಮ ಮೊದಲ ಹೆಸರನ್ನು ಮಾತ್ರ ಹೇಳಿ, ತಾವು ಮದ್ಯವ್ಯಸನಿಯೆಂದು ತಿಳಿಸಿ, ತಮ್ಮ ಅನುಭವವನ್ನು ನಿವೇದಿಸುತ್ತಾರೆ. ಉಳಿದವರು ಕೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಮಾತನಾಡಲು ಇಷ್ಟವಿಲ್ಲದವರು ಸುಮ್ಮನೆ ಕುಳಿತಿರಬಹುದು. ‘ಇನ್ನು ಜನ್ಮದಲ್ಲಿ ಕುಡಿಯುವುದಿಲ್ಲ’ ಎಂಬ ಪ್ರತಿಜ್ಞೆಯನ್ನು ಯಾರಿಂದಲೂ ಕೇಳುವುದಿಲ್ಲ. ಇಂದಿನ ದಿನ ಕುಡಿಯದಿದ್ದರೆ ಸಾಕು, ನಾಳೆಯದು ನಾಳೆಗೆ. ಹೊಸಬರಿಗೆ ಹಳಬರೊಬ್ಬರು ಹಿರಿಯಣ್ಣನಂತೆ ಒತ್ತಾಸೆಯಾಗಿರುತ್ತಾರೆ. ನಡುರಾತ್ರಿಯಲ್ಲಿ ಕುಡಿಯಬೇಕೆನಿಸಿದರೆ ಅವರಿಗೆ ದೂರವಾಣಿ ಮಾಡಬಹುದು. ಸದಸ್ಯತ್ವಕ್ಕೆ ಶುಲ್ಕವಿಲ್ಲ; ಕುಡಿತ ಬಿಡಬೇಕೆಂಬ ಬಯಕೆಯೊಂದೇ ಅರ್ಹತೆ. ದೈವವನ್ನು ಕುರಿತ ಮಾತು ಅಲ್ಲಿ ಬರುತ್ತದೆ. ಆದರೆ ಅವರವರು ತಿಳಿದಂತೆ ಅವರವರ ದೈವ.

ಇದರಿಂದ ಫಲವುಂಟೇ ಎಂದು ಕೇಳುವುದು ನ್ಯಾಯವೇ. ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ವಿಮರ್ಶಾ ಸಂಸ್ಥೆ 2020ರಲ್ಲಿ 27 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿತು. ಎ.ಎ. ಮಾರ್ಗಕ್ಕೆ ಕ್ರಮವಾಗಿ ತೊಡಗಿಸಲ್ಪಟ್ಟವರಲ್ಲಿ ಶೇಕಡಾ 42ರಷ್ಟು ಮಂದಿ ಒಂದು ವರ್ಷದ ಕೊನೆಗೆ ಪೂರ್ಣವಾಗಿ ಮದ್ಯಮುಕ್ತರಾಗಿದ್ದರು. ಇತರ ಬಗೆಯ ಮಾನಸಿಕ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇಕಡಾ 35. ಕೂಟಕ್ಕೆ ಹೋದವರೆಲ್ಲರೂ ಗುಣವಾಗುವುದಿಲ್ಲ. ಆದರೆ ಖರ್ಚಿಲ್ಲದ ಈ ಸಾಧನ ಖರ್ಚಿನ ಸಾಧನಗಳಿಗೆ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ.

ನಮ್ಮ ನಾಡಿನ ಪರಂಪರೆ

ಈ ಕ್ರಮವನ್ನು ಕೇಳಿದಾಗ ನಮ್ಮ ವಾಚಕರಿಗೆ ಅನುಭವ ಮಂಟಪದ ನೆನಪಾದರೆ ಆಶ್ಚರ್ಯವಿಲ್ಲ. ನಾನಾ ಕಾಯಕಗಳವರು ಸಮಾನರಾಗಿ ಕುಳಿತು, ಓದಿದ್ದನ್ನಲ್ಲ, ಬಾಳಿದ್ದನ್ನು ಹೇಳಿಕೊಂಡ ಸ್ಥಳವದು. ಆ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೂ ಇದ್ದನೆಂಬುದನ್ನು ಮರೆಯಬಾರದು. ಹೆಂಡ ಮಾರುವ ಕಾಯಕದವನಾಗಿದ್ದ ಅವನು ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ್ದಾನೆ. ಮದ್ಯದ ಮಡಕೆಯ ಬಳಿಯಿದ್ದವನಿಗೂ ಶರಣರ ಸಾಲಿನಲ್ಲಿ ಸ್ಥಾನ ದೊರೆತಿದ್ದರೆ, ಮದ್ಯಕ್ಕೆ ಸಿಲುಕಿ ನರಳುವವನಿಗೆ ನಮ್ಮ ಬಾಗಿಲು ಮುಚ್ಚುವುದು ಯಾವ ನ್ಯಾಯ?

ಇತ್ತೀಚಿನ ಕಾಲದಲ್ಲಿ ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಲಿಂಗೈಕ್ಯ ಡಾ. ಮಹಾಂತ ಸ್ವಾಮಿಗಳವರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿ, ಧಾನ್ಯವನ್ನಾಗಲಿ ಹಣವನ್ನಾಗಲಿ ಬೇಡದೆ, ‘ನಿಮ್ಮ ದುಶ್ಚಟಗಳನ್ನು ಈ ಜೋಳಿಗೆಗೆ ಹಾಕಿ’ ಎಂದು ಬೇಡಿದುದು ಸರ್ವವಿದಿತ. 1970ರ ದಶಕದಿಂದ ನಡೆದು ಬಂದ ಈ ‘ಮಹಾಂತ ಜೋಳಿಗೆ’ ಜನರ ನಾಲಗೆಯಲ್ಲಿ ನಿಂತಿತು. ಶ್ರೀಗಳವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ.

1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯೂ ಅದರೊಡನೆ ಕೆಲಸ ಮಾಡುವ ಜನಜಾಗೃತಿ ವೇದಿಕೆಯೂ ಊರ ಕಲ್ಯಾಣ ಮಂಟಪಗಳಲ್ಲಿ, ಸಮುದಾಯ ಭವನಗಳಲ್ಲಿ ಎಂಟು ದಿನಗಳ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿವೆ. ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು ಶಿಬಿರಕ್ಕಿಂತ ಶಿಬಿರದ ತರುವಾಯದ ಏರ್ಪಾಡು. ಶಿಬಿರ ಮುಗಿಸಿದವರು ತಂತಮ್ಮ ಊರಿನಲ್ಲಿ ‘ನವಜೀವನ ಸಮಿತಿ’ ಎಂಬ ಹೆಸರಿನಲ್ಲಿ ಆಗಾಗ ಸೇರಿ ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ನೂರು ದಿನ ಪೂರೈಸಿದವರಿಗೆ ಶತದಿನೋತ್ಸವ ನಡೆಯುವುದೂ ಉಂಟು. ಇದು ನಮ್ಮ ಮಣ್ಣಿನಲ್ಲಿಯೇ ಬೆಳೆದ ನೆರವಿನ ಕೂಟ.

ಸರಕಾರ 2007ರ ಜುಲೈ 1ರಿಂದ ಸಾರಾಯಿ ಮಾರಾಟವನ್ನು ನಿಷೇಧಿಸಿತು. ಸಾರಾಯಿ ಪ್ಯಾಕೆಟ್ಟು ಹೋಯಿತು. ಬಾಟಲಿಯ ಮದ್ಯ ಉಳಿಯಿತು. ಅಂಗಡಿಗೆ ಬೀಗ ಬಿದ್ದ ಮಾತ್ರಕ್ಕೆ ವ್ಯಸನ ಹೋಗುವುದಿಲ್ಲವೆಂಬುದನ್ನು ಇದು ಕಲಿಸಿತು.

ನಮ್ಮ ಸೀಮೆಯಲ್ಲಿ ಅರಸುವ ಬಗೆ

ಅರಸೀಕೆರೆಯವರಾಗಲಿ ಬೇಲೂರು, ಹಳೇಬೀಡಿನವರಾಗಲಿ ಮೊದಲು ಹೋಗಬೇಕಾದುದು ತಾಲ್ಲೂಕಿನ ಸರಕಾರಿ ಆಸ್ಪತ್ರೆಗೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಂಗವಾಗಿ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ರೋಗಿಗಳನ್ನು ನೋಡುವ ಏರ್ಪಾಡನ್ನು ರಾಜ್ಯ ಸರಕಾರ ಮಾಡಿದೆ. ಹೋಗುವ ಮುನ್ನ ಆ ವಾರದ ವೇಳೆಯನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಬೇಕು. ‘ತಲೆನೋವು, ನಿದ್ರೆಯಿಲ್ಲ’ ಎಂದು ಸುತ್ತಿ ಬಳಸಿ ಹೇಳದೆ, ಕುಡಿತವನ್ನು ಬಿಡಬೇಕಾಗಿದೆಯೆಂದು ನೇರವಾಗಿ ಹೇಳುವುದು ಉತ್ತಮ.

ಒಳರೋಗಿಯಾಗಿ ಚಿಕಿತ್ಸೆ ಬೇಕಾದವರಿಗೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಿದೆ. ಅರಸೀಕೆರೆಯಿಂದ ಹಾಸನಕ್ಕೆ ರೈಲೂ ಬಸ್ಸೂ ಉಂಟು. ಹಳೇಬೀಡಿನಿಂದ ಸುಮಾರು 30 ಕಿಲೋಮೀಟರು, ಬೇಲೂರಿನಿಂದ ಸುಮಾರು 40 ಕಿಲೋಮೀಟರು ಬಸ್ಸಿನ ಹಾದಿ. ಮಿದುಳಿಗೆ ಅಥವಾ ಮನಸ್ಸಿಗೆ ಸಂಬಂಧಿಸಿದ ತೊಡಕುಗಳಿದ್ದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಮನೆಯಿಂದ ಹೊರಡುವ ಧೈರ್ಯ ಇನ್ನೂ ಬಾರದವರು 14416 ಎಂಬ ಟೆಲಿ-ಮಾನಸ್ ಸಂಖ್ಯೆಗೆ ದೂರವಾಣಿ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಕ್ಕೆ ಸಂಬಂಧಿಸಿದಂತೆ 14446 ಎಂಬ ರಾಷ್ಟ್ರೀಯ ಸಹಾಯವಾಣಿಯೂ ಇದೆ.

ಕೂಟವನ್ನು ಹುಡುಕಲು ಮೂರು ಹಾದಿಗಳು. ಒಂದು, ಮನೋವೈದ್ಯರನ್ನು ಅಥವಾ ಅವರ ಜೊತೆಗಿರುವ ಆಪ್ತ ಸಮಾಲೋಚಕರನ್ನು ಕೇಳುವುದು. ಗುಣಮುಖರಾಗಿ ಹೋದ ರೋಗಿಗಳು ಎಲ್ಲಿ ಸೇರುತ್ತಾರೆಂಬುದು ಬಹುಮಟ್ಟಿಗೆ ಅವರಿಗೆ ತಿಳಿದಿರುತ್ತದೆ. ಎರಡು, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ತಾಲ್ಲೂಕು ಕಚೇರಿಯಲ್ಲಿ ಹತ್ತಿರದ ನವಜೀವನ ಸಮಿತಿಯನ್ನೂ ಮುಂದಿನ ಶಿಬಿರದ ದಿನಾಂಕವನ್ನೂ ವಿಚಾರಿಸುವುದು. ಊರಿನ ಸ್ತ್ರೀಶಕ್ತಿ, ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳಿಗೆ ಈ ವಿಷಯ ಗಂಡಸರಿಗಿಂತ ಚೆನ್ನಾಗಿ ತಿಳಿದಿರುತ್ತದೆ. ಮೂರು, ಎ.ಎ. ಸಂಸ್ಥೆಯ ಮುಂಬಯಿಯ ಕೇಂದ್ರ ಸೇವಾ ಕಾರ್ಯಾಲಯದಿಂದ ಹತ್ತಿರದ ಕೂಟದ ವಿವರ ಪಡೆಯುವುದು. 2020ರ ಕೊರೋನಾ ಕಾಲದಿಂದೀಚೆಗೆ ಎ.ಎ. ಕೂಟಗಳು ದೂರವಾಣಿ, ಅಂತರಜಾಲಗಳ ಮೂಲಕವೂ ನಡೆಯುತ್ತಿವೆ. ದೂರದ ತೋಟದ ಮನೆಯವರಿಗೆ ಇದೊಂದು ಅನುಕೂಲ.

ನಮ್ಮಂತಹ ಊರುಗಳಲ್ಲಿ ದೊಡ್ಡ ಅಡ್ಡಿ ಸಂಕೋಚ. ಕೊಬ್ಬರಿ ಮಾರುಕಟ್ಟೆಯಲ್ಲಿ ಒಬ್ಬ ಕೆಮ್ಮಿದರೆ ಊರಿಗೆಲ್ಲ ತಿಳಿಯುತ್ತದೆ. ಕೂಟಕ್ಕೆ ಹೋದುದು ತಿಳಿಯದೇ ಇರುವುದೇ? ಇದಕ್ಕೆ ಎರಡು ಸಮಾಧಾನಗಳು. ಬೇಕಾದವರು ತಮ್ಮ ಊರನ್ನು ಬಿಟ್ಟು ಬೇರೆ ಊರಿನ ಕೂಟಕ್ಕೆ ಹೋಗಬಹುದು, ಯಾರೂ ತಡೆಯುವುದಿಲ್ಲ. ಮತ್ತೊಂದು, ಅವರು ಕುಡಿಯುತ್ತಿದ್ದುದು ಊರಿಗೆ ತಿಳಿದೇ ಇತ್ತು. ತಿಳಿಯದೆ ಉಳಿದಿದ್ದುದು ಬಿಡಲು ಹೊರಟಿದ್ದಾರೆಂಬುದು ಮಾತ್ರ. ಅದು ತಿಳಿದರೆ ಮಾನಹಾನಿಯೇನೂ ಇಲ್ಲ.

ಒಳ್ಳೆಯ ಕೂಟದ ಗುರುತು

ಸಹಾಯದ ಹೆಸರಿನಲ್ಲಿ ಮೋಸವೂ ಉಂಟು. ಒಳ್ಳೆಯ ಕೂಟ ಹಣ ಕೇಳುವುದಿಲ್ಲ. ಇಷ್ಟೇ ದಿನಗಳಲ್ಲಿ ಗುಣಪಡಿಸುತ್ತೇವೆಂದು ಭರವಸೆ ಕೊಡುವುದಿಲ್ಲ. ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸಲು ಹೇಳುವುದಿಲ್ಲ. ಬಂದವರ ಭಾವಚಿತ್ರ ತೆಗೆದು ಒಪ್ಪಿಗೆಯಿಲ್ಲದೆ ಪ್ರಚಾರಕ್ಕೆ ಬಳಸುವುದಿಲ್ಲ. ಎಡವಿ ಮತ್ತೆ ಕುಡಿದವನನ್ನು ಹೊರಗೆ ಹಾಕುವುದಿಲ್ಲ. ಈ ಕಾಯಿಲೆಯಲ್ಲಿ ಎಡವುವುದು ಸಹಜ. ಎಡವಿದ ಮರುದಿನ ಹಿಂದಿರುಗಿ ಬರಲು ಬಾಗಿಲು ತೆರೆದಿರುವುದೇ ಮುಖ್ಯ.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವವರು ಅದು ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ, ವೈದ್ಯರು ಇದ್ದಾರೆಯೇ ಎಂದು ತಪ್ಪದೆ ಕೇಳಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಮದ್ಯ ಮತ್ತು ಮಾದಕ ದ್ರವ್ಯಗಳಿಂದುಂಟಾದ ಸ್ಥಿತಿಗಳಿಗೂ ಅನ್ವಯಿಸುತ್ತದೆ. ರೋಗಿಗೆ ಘನತೆಯಿಂದ ನಡೆಸಿಕೊಳ್ಳಲ್ಪಡುವ ಹಕ್ಕನ್ನೂ ಗೋಪ್ಯತೆಯ ಹಕ್ಕನ್ನೂ ಅದು ಕೊಟ್ಟಿದೆ. ಕಟ್ಟಿಹಾಕುವುದು, ಹೊಡೆಯುವುದು, ಮನೆಯವರನ್ನು ಕಾಣಗೊಡದಿರುವುದು ಚಿಕಿತ್ಸೆಯಲ್ಲ.

ಮನೆಯವರಿಗೆ ಎರಡು ಮಾತು

ಕುಡಿಯುವವನು ಒಬ್ಬ, ನರಳುವವರು ಮನೆಮಂದಿಯೆಲ್ಲ. ಅವರಿಗೂ ಕೂಟ ಬೇಕೆಂಬುದನ್ನು ಕಂಡು 1951ರಲ್ಲಿ ಬಿಲ್ ಅವರ ಪತ್ನಿ ಲೋಯಿಸ್ ಮೊದಲಾದವರು ‘ಅಲ್-ಅನಾನ್’ ಎಂಬ ಬಳಗವನ್ನು ಕಟ್ಟಿದರು. ಅಲ್ಲಿ ಕಲಿಸುವ ಪಾಠ ಮೂರು ಮಾತಿನಲ್ಲಿ ಅಡಗಿದೆ: ಈ ಕಾಯಿಲೆಗೆ ನೀವು ಕಾರಣರಲ್ಲ; ನೀವು ಇದನ್ನು ಹಿಡಿತದಲ್ಲಿಡಲಾರಿರಿ; ನೀವು ಇದನ್ನು ಗುಣಪಡಿಸಲಾರಿರಿ. ನೀವು ಮಾಡಬಹುದಾದುದು ಒಂದುಂಟು. ಅವರ ಸಾಲ ತೀರಿಸುವುದು, ‘ಜ್ವರ’ ಎಂದು ರಜೆಯ ಅರ್ಜಿ ಬರೆಯುವುದು, ಅವರ ತಪ್ಪನ್ನು ಮುಚ್ಚುವುದು ಇವನ್ನು ನಿಲ್ಲಿಸಿ, ಅವರು ಅಮಲಿಲ್ಲದ ವೇಳೆಯಲ್ಲಿ, ನಾಲ್ಕು ಜನರ ಮುಂದಲ್ಲ, ಎಲ್ಲಿಗೆ ಹೋಗಬೇಕೆಂಬ ವಿಳಾಸವನ್ನು ಕೈಯಲ್ಲಿಟ್ಟುಕೊಂಡು ಮಾತನಾಡುವುದು. ವೇಳಾಪಟ್ಟಿಯನ್ನು ಬದಲಿಸಿ ನಾವು ಮಾಡಿದ ಸ್ನೇಹ ನನ್ನ ಸಹೋದ್ಯೋಗಿಯನ್ನು ಉಳಿಸಲಿಲ್ಲ. ಅದು ಅವರ ಕುಡಿತವನ್ನು ಉಳಿಸಿತು.

ಉಪಾಧ್ಯಾಯ ಬಂಧುಗಳಲ್ಲಿಯೂ ಒಂದು ವಿಜ್ಞಾಪನೆ. ಮನೆಪಾಠ ಮಾಡದೆ ಬರುವ, ತರಗತಿಯಲ್ಲಿ ತೂಕಡಿಸುವ, ಪೋಷಕರ ಸಭೆಗೆ ತಂದೆಯನ್ನು ಕರೆತಾರದ ಮಗುವನ್ನು ಗದರಿಸುವ ಮುನ್ನ, ಹಿಂದಿನ ರಾತ್ರಿ ಆ ಮನೆಯಲ್ಲಿ ಯಾರಿಗಾದರೂ ನಿದ್ರೆ ಬಂದಿತ್ತೇ ಎಂದು ಯೋಚಿಸಿರಿ.

ಒಂದು ಕೊಠಡಿ, ಒಂದು ಗಂಟೆ

ಹತ್ತಿರದಲ್ಲಿ ಕೂಟವೇ ಇಲ್ಲದಿದ್ದರೆ? ಎ.ಎ. ಸಂಪ್ರದಾಯದ ಪ್ರಕಾರ ಕುಡಿತ ಬಿಡಬಯಸುವ ಇಬ್ಬರು ಮೂವರು ಒಂದುಗೂಡಿದರೆ ಅದೇ ಕೂಟ. ಅವರಿಗೆ ಬೇಕಾದುದು ವಾರಕ್ಕೊಮ್ಮೆ ಸಂಜೆ ಒಂದು ಗಂಟೆಯ ಕಾಲ ದೀಪವಿರುವ ಒಂದು ಕೊಠಡಿ, ಹತ್ತು ಕುರ್ಚಿ.

ದಾನಿಗಳಾದ ಮಹನೀಯರಲ್ಲಿ ನನ್ನ ಪ್ರಾರ್ಥನೆ ಇಲ್ಲಿದೆ. ಎ.ಎ. ಹೊರಗಿನವರ ಧನಸಹಾಯವನ್ನು ಸ್ವೀಕರಿಸುವುದಿಲ್ಲ. ಸದಸ್ಯರು ತಾವೇ ಹಾಕಿದ ಕಾಣಿಕೆಯಿಂದಲೇ ಚಹಾದ ಖರ್ಚನ್ನೂ ಕೊಠಡಿಯ ಬಾಡಿಗೆಯನ್ನೂ ಕೊಡುತ್ತಾರೆ. ಆದುದರಿಂದ ಇಲ್ಲಿ ನಿಮ್ಮ ಹೆಸರಿನ ಶಿಲಾಫಲಕಕ್ಕೆ ಅವಕಾಶವಿಲ್ಲ. ನಿಮ್ಮಿಂದ ಆಗಬೇಕಾದುದು ಬೇರೆ. ನಿಮ್ಮ ತೋಟದ ಆಳಾಗಲಿ, ಮಂಡಿಯ ಗುಮಾಸ್ತನಾಗಲಿ, ಲಾರಿಯ ಚಾಲಕನಾಗಲಿ ಚಿಕಿತ್ಸೆಗೆ ಹೋಗಬೇಕೆಂದರೆ ಎರಡು ವಾರ ರಜೆ ಕೊಡಿ. ಹಿಂದಿರುಗಿದಾಗ ಅವನ ಕೆಲಸ ಅವನಿಗೇ ಇರಲಿ. ಹಬ್ಬದ ದಿನ ಆಳುಗಳಿಗೆ ಬಾಟಲಿಯ ಬದಲು ಅಕ್ಕಿ ಬೆಲ್ಲ ಕೊಡಿ. ಆಡಳಿತ ಮಂಡಳಿಯವರಲ್ಲಿಯೂ ಇಷ್ಟೇ ಬಿನ್ನಹ. ನಮ್ಮ ಶಾಲೆಯ ಹಿಂಬದಿಯ ಹಳೆಯ ಗಣಿತದ ಕೊಠಡಿ ಸಂಜೆ ಆರರ ಮೇಲೆ ಬರಿದಾಗಿರುತ್ತದೆ. ಕೂಟ ಸೇರಬಯಸುವವರಿಗೆ ಗುರುವಾರದ ಸಂಜೆ ಅದರ ಬೀಗದ ಕೈ ದೊರೆಯುವಂತಾಗಲಿ. ಬಂದವರ ಪಟ್ಟಿ ಬೇಡ, ಉದ್ಘಾಟನೆ ಬೇಡ, ಭಾಷಣ ಬೇಡ.

ಹೀಗೆ ನಡೆದರೆ ಸಂಸ್ಥೆಯ ಮುಂದಿನ ಸ್ಮರಣ ಸಂಚಿಕೆಯಲ್ಲಿ ಈ ಕಾರ್ಯದ ಭಾವಚಿತ್ರವೊಂದೂ ಅಚ್ಚಾಗಲಾರದು, ವರದಿಯಲ್ಲಿ ಸಂಖ್ಯೆಯೊಂದೂ ಬಾರದು. ಅದು ಹಾಗೆಯೇ ಇರತಕ್ಕದ್ದು. ಆದರೆ ಯಾವುದೋ ಮನೆಯ ತಾಯಿಯೊಬ್ಬಳು ಜಗಲಿಯ ಮುಂದೆ ನಿಂತು ‘ಎಲ್ಲಿಗೆ ಕರೆದುಕೊಂಡು ಹೋಗಲಿ, ಮೇಷ್ಟ್ರೇ’ ಎಂದು ಕೇಳಿದಾಗ, ಮೊದಲು ಆಸ್ಪತ್ರೆಗೆ, ಅನಂತರ ಗುರುವಾರ ಸಂಜೆ ನಮ್ಮ ಶಾಲೆಗೆ ಎಂದು ನಮ್ಮ ಉಪಾಧ್ಯಾಯರೊಬ್ಬರು ಹೇಳಬಲ್ಲವರಾಗುತ್ತಾರೆ.